ತಿಪ್ಪೆಯ ಲೆಕ್ಕ ಬರೆಯಲು ಕೂತಾಗ

ಹತ್ತು ವರ್ಷ ನಾನು ಬರೀ ಬೆಳೆ ಬೆಳೆದವನು. ಬಿತ್ತುವುದು, ಗೊಬ್ಬರದ ಚೀಲ ಬಿಚ್ಚುವುದು, ಕೊಯ್ಯುವುದು, ಕೂಳೆಗೆ ಬೆಂಕಿ ಇಡುವುದು. ಕೊನೆಕೊನೆಗೆ ಒಂದು ಜೋರು ಮಳೆ ಬಿದ್ದರೆ ಸಾಕು, ನೆಲದ ಮೇಲೆ ಹಕ್ಕಳೆ ಕಟ್ಟಿ ಮೊಳಕೆ ತಲೆ ಎತ್ತುತ್ತಿರಲಿಲ್ಲ. ದನ ಕಟ್ಟು, ಎಲ್ಲ ಸರಿಹೋಗುತ್ತದೆ ಎಂದು ಹೇಳದವರಿಲ್ಲ. ಆರು ಹಸು ತಂದೆ. ಹೊಲ ಸುಧಾರಿಸಿದ್ದು ನಿಜ, ಆದರೆ ನಾನು ಅಂದುಕೊಂಡಿದ್ದ ಕಾರಣಕ್ಕಲ್ಲ.

ಮೊದಲ ವರ್ಷ ನೋಟ್‌ಬುಕ್ಕಿನಲ್ಲಿ ಒಂದು ಲೆಕ್ಕ ಹಾಕಿದೆ. ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಇರುವುದು ನೂರಕ್ಕೆ ಅರ್ಧ ಪಾಲು. ಅಂದರೆ 10 ಟನ್ ಹೊತ್ತು ಹಾಕಿದರೆ 50 ಕೆಜಿ. ಅಷ್ಟೇ ಸಾರಜನಕ ಸುಮಾರು 110 ಕೆಜಿ ಯೂರಿಯಾದಲ್ಲಿ ಸಿಗುತ್ತದೆ. ಅದೂ ಮೊದಲ ಬೆಳೆಗೆ ದಕ್ಕುವುದು ಗೊಬ್ಬರದ ಸಾರಜನಕದಲ್ಲಿ ಕಾಲು ಭಾಗವೋ ಮೂರನೇ ಒಂದು ಭಾಗವೋ. ಉಳಿದದ್ದು ವರ್ಷಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ಗೊಬ್ಬರ ತುಂಬಿ, ಸಾಗಿಸಿ, ಹರಡಿ ಸೊಂಟ ಹಿಡಿದುಕೊಂಡಿದ್ದವನಿಗೆ ಈ ಅಂಕಿ ನೋಡಿ ಹೇಗಾಗಿರಬೇಡ!

ಅದಕ್ಕಿಂತ ದೊಡ್ಡ ಸತ್ಯ ತಲೆಗೆ ಹತ್ತಲು ಇನ್ನೂ ಒಂದು ವರ್ಷ ಬೇಕಾಯಿತು. ಹಸು ಸಾರವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ನನ್ನದೇ ಹೊಲದ ಹುಲ್ಲು ತಿಂದು ನನ್ನದೇ ಹೊಲಕ್ಕೆ ಸಗಣಿ ಕೊಡುವ ಹಸುವಿನಿಂದ ಜಮೀನಿನ ಒಟ್ಟು ಪೊಟ್ಯಾಷ್ ಆಗಲಿ ರಂಜಕವಾಗಲಿ ಒಂದು ಗ್ರಾಂ ಹೆಚ್ಚುವುದಿಲ್ಲ. ಹೊರಗಿನಿಂದ ಹಿಂಡಿ ತಂದರೆ ಅದರ ಪಾಲು ಬರುತ್ತದೆ, ಅಷ್ಟೇ. ನಡುವೆ ಸೋರಿಹೋದರೆ ಬರೀ ನಷ್ಟ. ನನ್ನಲ್ಲಿ ಸೋರುತ್ತಲೇ ಇತ್ತು.

ಹಸು ತಿಂದ ಮೇವಿನ ಸಾರಜನಕದಲ್ಲಿ ಹಾಲಿಗೆ ಹೋಗುವುದು ಕಾಲು ಭಾಗದಷ್ಟು. ಉಳಿದದ್ದೆಲ್ಲ ಹಿಂದಿನಿಂದ ಬರುತ್ತದೆ, ಅದರಲ್ಲಿ ಅರ್ಧದಷ್ಟು ಗಂಜಲದಲ್ಲಿ. ಪೊಟ್ಯಾಷ್ ಅಂತೂ ಬಹುಪಾಲು ಗಂಜಲದಲ್ಲೇ. ನಾನು ಸಗಣಿಯನ್ನು ಜೋಪಾನ ಮಾಡಿ ಗಂಜಲವನ್ನು ಚರಂಡಿಗೆ ಬಿಡುತ್ತಿದ್ದೆ! ತಿಪ್ಪೆಯೋ ಬಯಲಲ್ಲಿ. ಮಳೆ ಬಂದಾಗ ಅದರ ಬುಡದಿಂದ ಚಹಾದ ಬಣ್ಣದ ನೀರು ಹರಿಯುತ್ತಿತ್ತು. ಬೆಳೆಗಿಂತ ಬದುವಿನ ಕಳೆಯೇ ಸೊಂಪಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಕೊಟ್ಟು ಗಂಜಲ ಒಂದು ಗುಂಡಿಗೆ ಬರುವಂತೆ ಮಾಡಿದೆ. ಮೊದಲು ಸುಡುತ್ತಿದ್ದ ಹುಲ್ಲನ್ನು ದಪ್ಪಗೆ ಹಾಸಿದೆ. ಒಣಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ 80 ಪಾಲು ಇಂಗಾಲವಿರುತ್ತದೆ. ಗಂಜಲ ಹೀರಿ ಹಿಡಿದಿಡಲು ಅದಕ್ಕಿಂತ ಅಗ್ಗದ ವಸ್ತು ನಾನು ಕಂಡಿಲ್ಲ. ಆದರೆ ಹಾಸನ್ನು ಹಸಿಯಾಗಿಯೇ ಹೊಲಕ್ಕೆ ಹಾಕಿದ ವರ್ಷ ಪೈರು ಹಳದಿಯಾಯಿತು. ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಸಿದುಕೊಂಡಿದ್ದವು. ಈಗ ತಿಪ್ಪೆಗೆ ಹಳೆಯ ತಗಡಿನ ಮಾಡು ಇದೆ. ಒಳಗಿನ ಬಿಸಿ 55 ಡಿಗ್ರಿ ದಾಟುವವರೆಗೆ ಕಾಯುತ್ತೇನೆ, ಅಂಚು ಒಳಗೆ ಬರುವಂತೆ ಎರಡು ಮೂರು ಸಲ ತಿರುವಿ ಹಾಕುತ್ತೇನೆ. ಕಳೆಬೀಜ ಸಾಯುವುದು ಆ ಬಿಸಿಗೆ. ಹರಡಿದ ದಿನವೇ ಉಳುತ್ತೇನೆ. ಒಮ್ಮೆ ಟ್ರ್ಯಾಕ್ಟರ್ ಕೆಟ್ಟು ನಾಲ್ಕು ದಿನ ಬಿಸಿಲಲ್ಲಿ ಬಿಟ್ಟಿದ್ದೆ. ಮೂಗಿಗೆ ಹೊಡೆಯುತ್ತಿದ್ದ ಘಾಟು ಗಾಳಿಗೆ ಹೋಗುತ್ತಿದ್ದ ಅಮೋನಿಯಾ, ಅಂದರೆ ನನ್ನ ಸಾರಜನಕವೇ.

ಇಷ್ಟಾದರೂ ಆರು ಹಸುವಿನಿಂದ ವರ್ಷಕ್ಕೆ ಸಿಕ್ಕಿದ ಕಳಿತ ಗೊಬ್ಬರ ತೂಗಿ ನೋಡಿದರೆ 20 ಟನ್ ಆಸುಪಾಸು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ನಡೆಯುತ್ತಿರುವ ಪ್ರಯೋಗದಲ್ಲಿ ಒಂದು ತಾಕಿಗೆ ಪ್ರತಿ ವರ್ಷ ಹೆಕ್ಟೇರಿಗೆ 35 ಟನ್ ಲೆಕ್ಕದಲ್ಲಿ ಕೊಟ್ಟಿಗೆ ಗೊಬ್ಬರ ಹಾಕುತ್ತಾ ಬಂದಿದ್ದಾರೆ. ಗೊಬ್ಬರ ಕಾಣದ ತಾಕಿಗಿಂತ ಅಲ್ಲಿನ ಸಾವಯವ ಇಂಗಾಲ ಎರಡು ಪಟ್ಟಿಗೂ ಹೆಚ್ಚು. ಅಲ್ಲಿಯದೇ ಇನ್ನೊಂದು ತಾಕಿಗೆ 1852ರಿಂದ 1871ರವರೆಗೆ ಮಾತ್ರ ಗೊಬ್ಬರ ಬಿತ್ತು, ನಂತರ ಇಲ್ಲ. ನೂರು ವರ್ಷ ಕಳೆದ ಮೇಲೂ ಅದರ ಗುರುತು ಮಣ್ಣಿನಲ್ಲಿ ಉಳಿದಿತ್ತು. ಓದಲು ಹುರುಪು ಬರುತ್ತದೆ. ಆದರೆ ನನಗಿರುವುದು ಆರು ಹೆಕ್ಟೇರ್, 35 ಟನ್ನಿನ ಲೆಕ್ಕದಲ್ಲಿ ನನ್ನ ತಿಪ್ಪೆ ಒಂದು ಹೆಕ್ಟೇರಿಗೂ ಸಾಲದು. ಎಲ್ಲ ಕಡೆ ಚಿಮುಕಿಸುವುದು ಬಿಟ್ಟು ವರ್ಷಕ್ಕೊಂದು ಹೆಕ್ಟೇರಿಗೆ ಇದ್ದಷ್ಟನ್ನೂ ಹಾಕತೊಡಗಿದೆ. ಸೋಮಾರಿತನಕ್ಕೆ ಕೊಟ್ಟಿಗೆ ಪಕ್ಕದ ಹೊಲಕ್ಕೇ ಸುರಿಯುತ್ತಿದ್ದದ್ದೂ ನಿಂತಿತು. ಮಣ್ಣು ಪರೀಕ್ಷೆಯಲ್ಲಿ ಅಲ್ಲಿ ರಂಜಕ ಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು, ದೂರದ ಹೊಲಗಳು ಬಡಕಲಾಗಿದ್ದವು.

ಹಾಗಾದರೆ ಸುಧಾರಿಸಿದ್ದು ಯಾವುದರಿಂದ? ಬಹುಪಾಲು ಕುದುರೆ ಮೆಂತೆಯಿಂದ. ಹಸುಗಳಿಗೆ ಮೇವು ಬೇಕಲ್ಲ ಎಂದು ಎರಡೆರಡು ವರ್ಷ ಒಂದೊಂದು ಹೊಲದಲ್ಲಿ ಅದನ್ನು ಬೆಳೆದೆ. ಅದರ ಬೇರಿನ ಗಂಟುಗಳು ಗಾಳಿಯಿಂದ ಸಾರಜನಕ ಹಿಡಿದವು, ಬೇರು ಆಳದ ಗಟ್ಟಿ ಪದರ ಒಡೆಯಿತು, ಪದೇ ಪದೇ ಕೊಯ್ದದ್ದಕ್ಕೆ ಕಳೆ ಸೊರಗಿತು. ನಂತರ ಹಾಕಿದ ಮೆಕ್ಕೆಜೋಳಕ್ಕೆ ಚೀಲದ ಗೊಬ್ಬರ ಅರ್ಧಕ್ಕೆ ಇಳಿಸಿದರೂ ತೆನೆ ಕುಗ್ಗಲಿಲ್ಲ. ಹಸು ಇಲ್ಲದೆಯೂ ಇದನ್ನು ಹಸಿರೆಲೆ ಗೊಬ್ಬರವಾಗಿ ಬೆಳೆಯಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ, ಬೆಳೆಯಬಹುದಿತ್ತು. ಆದರೆ ಎರಡು ವರ್ಷ ಆದಾಯವಿಲ್ಲದ ಹೊಲವನ್ನು ನಾನು ಇಟ್ಟುಕೊಳ್ಳುತ್ತಿರಲಿಲ್ಲ. ಆ ಹಸಿರನ್ನು ಹಾಲು ಮಾಡಿಕೊಟ್ಟದ್ದು ಹಸು. ನನ್ನ ತಕ್ಕಡಿಯಲ್ಲಿ ಅದರ ತೂಕ ಸಗಣಿಗಿಂತ ಹೆಚ್ಚು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ನಮ್ಮ ದುಡಿಮೆ ಇದೆ. "ಪೈರಿಗೆ ಜ್ವರ ಬಂದರೆ ನಾಳೆ ನೋಡಬಹುದು, ಇವಕ್ಕೆ ಆಗಲ್ಲ" ಎಂದು ನನ್ನ ಹೆಂಡತಿ ಒಂದು ರಾತ್ರಿ ಕರು ಹಾಕಿಸುತ್ತಾ ಹೇಳಿದಳು. ಬಿತ್ತನೆಯ ವಾರ ಮತ್ತು ಹಾಲಿನ ಹೊತ್ತು ಒಟ್ಟಿಗೆ ಬಿದ್ದಾಗ ಹದ ತಪ್ಪಿಸಿಕೊಂಡದ್ದು ಎರಡು ಸಲ.

ಹೋದ ವರ್ಷ ಎರಡು ಹಸು ಮಾರಿದೆವು. ಉಳಿದ ಹುಲ್ಲನ್ನು ದನ ಹೆಚ್ಚಿರುವ ಒಬ್ಬ ರೈತರಿಗೆ ಕೊಟ್ಟು ಬದಲಿಗೆ ಗೊಬ್ಬರ ತರುತ್ತೇನೆ. ಹಿಂದೊಮ್ಮೆ ಬೇರೆ ಕಡೆಯಿಂದ ತಂದ ಗೊಬ್ಬರದಲ್ಲಿ ಕಳೆನಾಶಕದ ಅಂಶ ಉಳಿದಿತ್ತು. ಅದು ಹೊಡೆದ ಹುಲ್ಲನ್ನು ದನ ತಿಂದಿದ್ದವು, ನನ್ನ ದ್ವಿದಳ ಬೆಳೆಯ ಎಲೆಗಳೆಲ್ಲ ಮುರುಟಿದವು. ಹಾಗಾಗಿ ಈಗ ಲೋಡ್ ಇಳಿಸಿಕೊಳ್ಳುವ ಮೊದಲು ಒಂದು ಬುಟ್ಟಿ ತಂದು, ಮಣ್ಣು ಬೆರೆಸಿ, ಮೂರು ಕುಂಡದಲ್ಲಿ ಹುರುಳಿಕಾಯಿ ಬೀಜ ಊರುತ್ತೇನೆ. ಪಕ್ಕದಲ್ಲಿ ಬರೀ ಮಣ್ಣಿನ ಮೂರು ಕುಂಡ. ಮೂರು ವಾರದಲ್ಲಿ ಎಲೆ ನೆಟ್ಟಗೆ ಬಿಚ್ಚಿಕೊಂಡರೆ ಗಾಡಿ ಬರಲಿ ಎಂದು ಫೋನ್ ಮಾಡುತ್ತೇನೆ.