ಉಗಿ ಎಂಜಿನ್ ಕುಂಟುತ್ತಿದೆಯೇ? ಮೊದಲು ಗಾಳಿಯಲ್ಲಿ ಓಡಿಸಿ ನೋಡಿ

ಮಾದರಿ ಉಗಿ ಎಂಜಿನ್ (ನಿಜವಾದ ಉಗಿಯಲ್ಲೇ ಓಡುವ ಪುಟ್ಟ ರೈಲು ಎಂಜಿನ್) ಸರಿಯಾಗಿ ಓಡದಿದ್ದರೆ ತಕ್ಷಣ ಸ್ಕ್ರೂಡ್ರೈವರ್ ಹಿಡಿಯಬೇಡಿ. ನಾನು ಹಾಗೆ ಮಾಡಿ, ಸರಿಯಾಗಿದ್ದ ವಾಲ್ವನ್ನೇ ಕೆಡಿಸಿಕೊಂಡಿದ್ದೆ.

ಬಾಯ್ಲರ್ ತಣ್ಣಗಿರುವಾಗ, ಚಕ್ರಗಳು ಎಲ್ಲೂ ತಾಗದಂತೆ ಎಂಜಿನ್ ಎತ್ತಿಟ್ಟು, ಸಣ್ಣ ಕಂಪ್ರೆಸರ್‌ನಿಂದ 1–2 ಬಾರ್ ಒತ್ತಡದ ಗಾಳಿ ಕೊಡಿ. ಕಿವಿಗೊಟ್ಟು ಕೇಳಿ. ಎರಡು ಸಿಲಿಂಡರಿನ ಎಂಜಿನ್ ಆದರೆ ಚಕ್ರದ ಒಂದು ಸುತ್ತಿಗೆ ನಾಲ್ಕು 'ಚುಫ್' ಬರಬೇಕು, ಅದೂ ಸಮ ಅಂತರದಲ್ಲಿ. ಲಯ ತಪ್ಪಿದರೆ ವಾಲ್ವ್ ಟೈಮಿಂಗ್ (ಸಿಲಿಂಡರಿಗೆ ಉಗಿ ಬಿಡುವ ವಾಲ್ವ್ ತೆರೆದು ಮುಚ್ಚುವ ಹೊತ್ತು) ಮೇಲೆ ಅನುಮಾನ ಪಡಿ. ವಾಲ್ವನ್ನು ಆಡಿಸಲು ಆಕ್ಸಲ್ ಮೇಲೆ ಕೂರಿಸಿದ, ನಡು ತಪ್ಪಿದ ಬಿಲ್ಲೆಯ (ಎಕ್ಸೆಂಟ್ರಿಕ್) ಪುಟ್ಟ ಸ್ಕ್ರೂ ಸಡಿಲವಾಗಿದೆಯೇ ನೋಡಿ.

ಗಾಳಿಯಲ್ಲಿ ಚೆನ್ನಾಗಿ ಓಡಿ ಉಗಿಯಲ್ಲಿ ಸೋತರೆ ಬಹುಪಾಲು ತಪ್ಪು ಬೆಂಕಿಯದು. ಜ್ವಾಲೆ ಮಂಕಾಗಿದ್ದರೆ ಗ್ಯಾಸ್ ಜೆಟ್ (ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ರಂಧ್ರದ ತುಣುಕು) ಕಟ್ಟಿಕೊಂಡಿರಬಹುದು. ಸೂಜಿ ಮಾತ್ರ ಹಾಕಬೇಡಿ! ಆ ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಜೆಟ್ ಹಾಳು. ಬಿಚ್ಚಿ ಅಸಿಟೋನ್‌ನಲ್ಲಿ ನೆನೆಸಿ (ಬೆಂಕಿಯಿಂದ ದೂರ), ಹಿಂದುಮುಂದಾಗಿ ಹಿಡಿದು ಗಾಳಿ ಹಾಯಿಸಿ.

ಹೊರಡುವಾಗಷ್ಟೇ ತಡವರಿಸಿದರೆ ಅದು ದೋಷವೇ ಅಲ್ಲ, ತಣ್ಣನೆಯ ಸಿಲಿಂಡರಿನಲ್ಲಿ ಉಗಿ ನೀರಾಗಿದೆ ಅಷ್ಟೆ. ಮೆಲ್ಲಗೆ ಹಿಂದೆ ಮುಂದೆ ತಳ್ಳಿ; ಚಿಮಣಿಯಿಂದ ಬಿಸಿನೀರು ಉಗಿಯುತ್ತದೆ, ಮುಖ ದೂರವಿರಲಿ. ಉಗಿಗೆ ಎಣ್ಣೆ ಬೆರೆಸುವ ಲೂಬ್ರಿಕೇಟರಿಗೆ ಸ್ಟೀಮ್ ಆಯಿಲ್ಲೇ (ಉಗಿಯ ಬಿಸಿ ತಾಳುವ ದಪ್ಪ ಎಣ್ಣೆ) ಬೇಕು. ಹೊಲಿಗೆ ಯಂತ್ರದ ಎಣ್ಣೆ ಆ ಬಿಸಿಗೆ ತಾಳುವುದಿಲ್ಲ.