ನಗರಸಭೆ ಬಜೆಟ್: ಬಿಡಿ ದುಡ್ಡು ನಿಜಕ್ಕೂ ಎಷ್ಟಿದೆ ಎಂದು ನಾನು ಲೆಕ್ಕ ಹಾಕುವ ರೀತಿ

ಬಿಡಿ ದುಡ್ಡು ಎಂದರೆ ವಾಪಸ್ ಕೊಡಬೇಕಾದದ್ದು, ಮೀಸಲಾದದ್ದು ಎಲ್ಲ ಕಳೆದು ಹೊಸ ಕೆಲಸಕ್ಕೆ ಉಳಿಯುವ ಹಣ. ಬಜೆಟ್ ಕೆಲಸಕ್ಕೆ ಕೂತ ದಿನ ಮೊದಲು ಮೇಜಿನ ಮೇಲೆ ಹರಡಿಕೊಳ್ಳುವುದು ಬ್ಯಾಂಕ್ ಪಾಸ್‌ಬುಕ್‌ಗಳನ್ನು. ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನಕ್ಕೆ ಒಂದು ಖಾತೆ, ಕೇಂದ್ರ ಹಣಕಾಸು ಆಯೋಗದ ಅನುದಾನಕ್ಕೆ ಇನ್ನೊಂದು, ನೀರಿನ ಕಂದಾಯಕ್ಕೆ ಬೇರೆ, ಠೇವಣಿಗೆ ಬೇರೆ. ಎಲ್ಲವನ್ನೂ ಕೂಡಿಸಿ ‘ಆರಂಭಿಕ ಶಿಲ್ಕು’ ಎಂದು ಬರೆದರೆ ಊರು ಶ್ರೀಮಂತವಾಗಿ ಕಾಣುತ್ತದೆ. ಆದರೆ ಅದರೊಳಗೆ ಗುತ್ತಿಗೆದಾರರಿಗೆ ವಾಪಸ್ ಕೊಡಬೇಕಾದ ಇಎಂಡಿ (ಟೆಂಡರ್ ಹಾಕುವಾಗ ಕಟ್ಟುವ ಠೇವಣಿ), ಭದ್ರತಾ ಠೇವಣಿ, ಮಳಿಗೆ ಬಾಡಿಗೆದಾರರ ಮುಂಗಡ ಎಲ್ಲ ಸೇರಿರುತ್ತವೆ. ಇವುಗಳ ಜಾಗ ಅಸಾಧಾರಣ ಲೆಕ್ಕ, ಅಂದರೆ ನಮ್ಮದಲ್ಲದ, ಬೇರೆಯವರಿಗೆ ದಾಟಿಸಬೇಕಾದ ಹಣದ ಲೆಕ್ಕ. ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಕೂಡ ಹಾಗೆಯೇ. 100 ರೂಪಾಯಿ ತೆರಿಗೆಗೆ 24 ರೂಪಾಯಿ ಹೀಗೆ ಬಂದು ಹೀಗೆ ಹೋಗಬೇಕಾದದ್ದು. ಅದನ್ನು ಖರ್ಚು ಮಾಡಿಕೊಂಡರೆ ಒಂದಲ್ಲ ಒಂದು ವರ್ಷ ಲೆಕ್ಕಪರಿಶೋಧನೆಯಲ್ಲಿ ಬಾಕಿಯಾಗಿ ಎದುರು ನಿಲ್ಲುತ್ತದೆ.

ಎರಡನೆಯದು ಡಿಸಿಬಿ, ಅಂದರೆ ಬೇಡಿಕೆ–ವಸೂಲಿ–ಬಾಕಿ ತಃಖ್ತೆ: ತೆರಿಗೆ ಎಷ್ಟು ಬರಬೇಕು, ಎಷ್ಟು ಬಂತು, ಎಷ್ಟು ಉಳಿಯಿತು ಎಂಬ ಪಟ್ಟಿ. ಬಜೆಟ್ ಸುಳ್ಳಾಗುವುದು ಹೆಚ್ಚಾಗಿ ಇಲ್ಲೇ. ಆದಾಯದ ಕಲಮಿಗೆ ಪೂರ್ತಿ ಬೇಡಿಕೆಯನ್ನೇ ಬರೆದುಬಿಡುತ್ತಾರೆ. ಚಾಲ್ತಿ ಬೇಡಿಕೆ ಮತ್ತು ಹಿಂಬಾಕಿಯನ್ನು ಬೇರೆ ಮಾಡಿ, ಹಿಂದಿನ ಮೂರು ವರ್ಷ ಎರಡರಲ್ಲೂ ಶೇಕಡಾ ಎಷ್ಟು ವಸೂಲಾಗಿದೆ ಎಂದು ನಾನು ಪ್ರತ್ಯೇಕವಾಗಿ ತೆಗೆಯುತ್ತೇನೆ. ಉದಾಹರಣೆಗೆ ಚಾಲ್ತಿ 1 ಕೋಟಿ, ಹಿಂಬಾಕಿ 60 ಲಕ್ಷ ಎಂದಿಟ್ಟುಕೊಳ್ಳಿ. ಚಾಲ್ತಿಯಲ್ಲಿ ಶೇ. 70, ಹಿಂಬಾಕಿಯಲ್ಲಿ ಶೇ. 15 ಬರುವ ಊರಾದರೆ ಕೈಗೆ ಸಿಗುವುದು 79 ಲಕ್ಷ. 1 ಕೋಟಿ 60 ಲಕ್ಷ ಎಂದು ಬರೆದು ಅಷ್ಟಕ್ಕೂ ಕಾಮಗಾರಿ ಹಂಚಿದರೆ 81 ಲಕ್ಷದ ಬಿಲ್ಲುಗಳು ದುಡ್ಡಿಲ್ಲದೆ ಕಪಾಟಿನಲ್ಲಿ ಕೂರುತ್ತವೆ. ಬಿಲ್ ಆಗದ ಊರಿನ ಟೆಂಡರಿಗೆ ಒಳ್ಳೆಯ ಗುತ್ತಿಗೆದಾರ ಮುಂದಿನ ಸಲ ಬರುವುದಿಲ್ಲ, ಬಂದವನು ದರ ಏರಿಸಿಯೇ ಹಾಕುತ್ತಾನೆ.

ಇಷ್ಟಾದ ಮೇಲೆ ಕಟ್ಟಿಹಾಕಿದ ದುಡ್ಡನ್ನು ಬೇರೆ ಮಾಡಬೇಕು. 2021–26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಶೇ. 60 ನಿರ್ಬಂಧಿತ. ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ಅದರಲ್ಲಿ ಉಳಿದ ಶಿಲ್ಕನ್ನು ರಸ್ತೆಗೆ ಬರೆಯುವಂತಿಲ್ಲ. ಎಸ್‌ಎಫ್‌ಸಿ ವೇತನ ಮತ್ತು ವಿದ್ಯುತ್ ಅನುದಾನ ಅದೇ ಬಾಬ್ತಿಗೆ ಮೀಸಲು. ಎಸ್‌ಎಫ್‌ಸಿ ಮುಕ್ತನಿಧಿ (ಬಾಬ್ತು ಗೊತ್ತುಮಾಡದ ಅನುದಾನ) ಮತ್ತು ನಗರಸಭೆ ನಿಧಿಯಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95, ಒಟ್ಟು ಶೇ. 24.10. ಇತರ ಬಡವರ್ಗಕ್ಕೆ ಶೇ. 7.25, ಅಂಗವಿಕಲರಿಗೆ ಶೇ. 5. ಕೊನೆಗೆ ಉಳಿದದ್ದನ್ನು ತುಂಬುವ ಕಲಮು ಎಂದು ಇದನ್ನು ನೋಡಬಾರದು. ಕ್ರಿಯಾಯೋಜನೆ (ಯಾವ ಕೆಲಸಕ್ಕೆ ಎಷ್ಟು ಹಣ ಎಂಬ ಪಟ್ಟಿ) ತಡವಾದರೆ ಈ ಮೀಸಲಿನಿಂದ ಕೊಡುವ, ಕಾಲೇಜಿಗೆ ಸೇರುವ ಹುಡುಗಿಯ ಪ್ರೋತ್ಸಾಹಧನ ಪರೀಕ್ಷೆ ಮುಗಿದ ಮೇಲೆ ಕೈಸೇರುತ್ತದೆ.

ನಿರ್ವಹಣೆಯಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವುದು ಮೆಸ್ಕಾಂ (ವಿದ್ಯುತ್ ಕಂಪನಿ) ಬಿಲ್ಲು. ಹಿಂದಿನ ವರ್ಷದ ಮೊತ್ತಕ್ಕೆ ಶೇ. 10 ಸೇರಿಸಿ ಮುಗಿಸುವವರಿದ್ದಾರೆ. ನಾನು ಆರ್‌.ಆರ್‌. (ವಿದ್ಯುತ್ ಸಂಪರ್ಕದ) ಸಂಖ್ಯೆವಾರು ಪಟ್ಟಿ ಹಿಡಿದು ಕೂರುತ್ತೇನೆ. ಬಲಗಡೆ ನೀರು ಬಿಡುವ ವಾಲ್‌ಮನ್, ಎಡಗಡೆ ಬೀದಿದೀಪದ ಎಲೆಕ್ಟ್ರಿಷಿಯನ್. ಒಂದೊಂದೇ ಸಂಖ್ಯೆ ಓದುತ್ತಾ ಹೋದರೆ “ಸಾರ್, ಆ ಬೋರು ಬತ್ತಿ ನಾಕು ವರ್ಷ ಆಯ್ತಲ್ಲ” ಎಂಬ ಮಾತು ಬಂದೇ ಬರುತ್ತದೆ. ಮೋಟಾರು ಎತ್ತಿಟ್ಟಿದ್ದರೂ ಮೀಟರು ಉಳಿದಿರುತ್ತದೆ, ಮಂಜೂರಾದ ಎಚ್‌ಪಿ ಮೇಲೆ ನಿಗದಿತ ಶುಲ್ಕ ತಿಂಗಳು ತಿಂಗಳು ಬೀಳುತ್ತಿರುತ್ತದೆ. ಸಂಪರ್ಕ ರದ್ದತಿಗೆ ಅಂದೇ ಪತ್ರ ಬರೆಸುತ್ತೇನೆ.

ಉಳಿದ ನಿರ್ವಹಣಾ ವೆಚ್ಚವನ್ನು ಹನ್ನೆರಡರಿಂದ ಭಾಗಿಸುವಂತಿಲ್ಲ. ಮಳೆಗಾಲದಲ್ಲಿ ತುಂಗೆ ಕೆಂಪಾಗಿ ಹರಿಯುವಾಗ ನೀರು ತಿಳಿಯಾಗಿಸಲು ಆಲಂ ಬೇಸಿಗೆಗಿಂತ ಎಷ್ಟೋ ಪಟ್ಟು ಬೇಕು. ಖರೀದಿ ಆದೇಶ ಮೇ ತಿಂಗಳಲ್ಲೇ ಹೋಗಿರಬೇಕು. ಚರಂಡಿ, ರಾಜಕಾಲುವೆ ಹೂಳು ತೆಗೆಸುವ ದುಡ್ಡೂ ಮೇ ತಿಂಗಳದ್ದೇ. ಜೂನ್‌ನಲ್ಲಿ ತೆಗೆಸಿ ದಡಕ್ಕೆ ಹಾಕಿದ ಹೂಳು ಮೊದಲ ಜೋರು ಮಳೆಗೆ ಮತ್ತೆ ಚರಂಡಿಗೇ ಇಳಿಯುತ್ತದೆ. ಶಿವಮೊಗ್ಗದಲ್ಲಿ ಪಾಲಿಕೆಗೆ ದಸರೆ ಪ್ರತಿವರ್ಷದ ಖರ್ಚು. ಸಾಗರದಲ್ಲಿ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಜಾತ್ರೆ ವರ್ಷದ ನೀರು, ನೈರ್ಮಲ್ಯದ ಅಂಕಿಯನ್ನು ಸರಾಸರಿಯಲ್ಲಿ ಸೇರಿಸಿದರೆ ಮುಂದಿನ ಎರಡು ಬಜೆಟ್ಟೂ ಕೆಡುತ್ತವೆ.

ಕಾಮಗಾರಿಗೆ ಬಂದರೆ, ಹೊಸ ಬೇಡಿಕೆಗಿಂತ ಮೊದಲು ಮುಂದುವರಿದ ಕಾಮಗಾರಿಗಳ ಬಾಕಿ ಬರೆಯಬೇಕು. ಮಲೆನಾಡಿನಲ್ಲಿ ಇದು ತಪ್ಪಿಸಲಾಗದ ತೊಡಕು. ಡಾಂಬರು ಹಾಕಲು ಒಣ ಹವೆ ಸಿಗುವುದು ದಸರೆ ಕಳೆದ ಮೇಲಿಂದ ಮೇ ಕೊನೆಯವರೆಗೆ, ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹೀಗಾಗಿ ಅರ್ಧ ಕೆಲಸದ ಬಿಲ್ಲು ಮುಂದಿನ ವರ್ಷಕ್ಕೆ ಬಂದೇ ಬರುತ್ತದೆ. ಜೂನ್ ಒಳಗೆ ಕ್ರಿಯಾಯೋಜನೆಗೆ ಒಪ್ಪಿಗೆ ಸಿಕ್ಕಿ, ಮಳೆಗಾಲದಲ್ಲೇ ಅಂದಾಜುಪಟ್ಟಿ ಮತ್ತು ಟೆಂಡರ್ ಮುಗಿದು, ಅಕ್ಟೋಬರ್‌ನಲ್ಲಿ ಕಾರ್ಯಾದೇಶ ಕೈಗೆ ಬಂದಿರಬೇಕು. ಸೆಪ್ಟೆಂಬರ್‌ನಲ್ಲಿ ಕ್ರಿಯಾಯೋಜನೆ ಶುರುವಾದರೆ ಕೆಲಸ ಹಿಡಿಯುವುದು ಜನವರಿಗೆ, ಆಗಲೇ ಅರ್ಧ ಹಂಗಾಮು ಕೈಬಿಟ್ಟಿರುತ್ತದೆ. ನಡುವೆ ಚುನಾವಣಾ ನೀತಿ ಸಂಹಿತೆ ಬಂತೆಂದರೆ ಆ ವರ್ಷ ರಸ್ತೆ ಇಲ್ಲ.

ಸದಸ್ಯರಿಗೆ ಪ್ರತಿಸಲವೂ ಬಿಡಿಸಿ ಹೇಳುವುದು ಜಿಎಸ್‌ಟಿ ವಿಷಯ. ವಾರ್ಡಿಗೆ 10 ಲಕ್ಷ ಎಂದರೆ 10 ಲಕ್ಷದ ಚರಂಡಿ ಎಂದೇ ಎಲ್ಲರೂ ತಿಳಿಯುತ್ತಾರೆ. ಶೇ. 18 ಜಿಎಸ್‌ಟಿ ಅದರೊಳಗೇ ಸೇರಿದೆ, ಅಂದರೆ ಕಾಮಗಾರಿಯ ಮೌಲ್ಯ ಸುಮಾರು 8 ಲಕ್ಷ 47 ಸಾವಿರ. ಎಂಜಿನಿಯರು ಇದನ್ನು ಬಿಟ್ಟು ಉದ್ದ ಅಳೆದರೆ ಚರಂಡಿ ಕೊನೆಯ ಎರಡು ಮನೆ ಮುಟ್ಟುವ ಮೊದಲೇ ನಿಲ್ಲುತ್ತದೆ, ಅಲ್ಲಿಂದ ಮುಂದೆ ನೀರು ಅಂಗಳಕ್ಕೆ ನುಗ್ಗುತ್ತದೆ. ಎಲ್ಲ ವಾರ್ಡಿಗೂ ಸಮನಾಗಿ ಹಂಚುವ ಪದ್ಧತಿಯೂ ನನಗೆ ಒಪ್ಪಿಗೆಯಿಲ್ಲ. ಇಳಿಜಾರಿನ ವಾರ್ಡಿಗೆ ತಡೆಗೋಡೆಯೇ ಮೊದಲು ಬೇಕು, ಸಮಪಾಲಿನ ಮೊತ್ತದಲ್ಲಿ ಅರ್ಧ ಗೋಡೆ ಏಳುತ್ತದೆ. ಅರ್ಧ ಗೋಡೆ ಆಷಾಢದ ಮಳೆಗೆ ನಿಲ್ಲುವುದಿಲ್ಲ.

ಬಜೆಟ್ ಪೂರ್ವಭಾವಿ ಸಭೆಗೆ ಈ ಕೊನೆಯ ಅಂಕಿಯನ್ನು, ಅಂದರೆ ಎಲ್ಲ ಕಳೆದು ಉಳಿದ ಬಿಡಿ ದುಡ್ಡನ್ನು, ಒಂದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಹಾಕಿ ಹಂಚುತ್ತೇನೆ. ಅದು ಎದುರಿಗಿದ್ದರೆ ಸಾರ್ವಜನಿಕರ ಬೇಡಿಕೆಯೂ ಮೊದಲು ಯಾವುದು, ಆಮೇಲೆ ಯಾವುದು ಎಂಬಲ್ಲಿಗೆ ತಾನಾಗಿಯೇ ಬರುತ್ತದೆ. ಅಕ್ಟೋಬರ್ ಮೊದಲ ವಾರ ಅದೇ ಹಾಳೆಯನ್ನು ಆರು ತಿಂಗಳ ವಸೂಲಿಯೊಡನೆ ತಾಳೆ ನೋಡುತ್ತೇನೆ. ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟಿದರೆ ಸಿಗುವ ಶೇ. 5 ರಿಯಾಯಿತಿಗೆಂದು ಬಂದ ಹಣ ಅಷ್ಟರಲ್ಲಿ ಖರ್ಚಾಗಿರುತ್ತದೆ. ವಸೂಲಿ ಹಿಂದೆ ಬಿದ್ದಿದ್ದರೆ ಇನ್ನೂ ಕಾರ್ಯಾದೇಶ ಕೊಡದ ಕಾಮಗಾರಿಗಳನ್ನು ಪರಿಷ್ಕೃತ ಅಂದಾಜಿನಲ್ಲಿ ಅಲ್ಲೇ ತಡೆಹಿಡಿಯುತ್ತೇನೆ.