ಪರದೆಯ ಮೇಲಿನ ವ್ಯೂ ಎಷ್ಟು ಅಗಲ? ಇಳಕಲ್ ಸೀರೆಯ ಆ್ಯಪ್‌ಗೆ ನಾನು ಅಳತೆ ಹಿಡಿದ ಬಗೆ

ಬಾಗಲಕೋಟೆಯ ನವನಗರದಲ್ಲಿ ಮನೆಯ ಮುಂಗೋಣೆಯನ್ನೇ ಕಚೇರಿ ಮಾಡಿಕೊಂಡು ನಾನು ಆಂಡ್ರಾಯ್ಡ್ ಆ್ಯಪ್‌ಗಳನ್ನು ಬರೆಯುತ್ತೇನೆ. ವ್ಯೂಗಳ, ಅಂದರೆ ಪರದೆಯ ಮೇಲಿನ ಚಿತ್ರ, ಪಠ್ಯ, ಗುಂಡಿಗಳಂಥ ಭಾಗಗಳ, ಅಳತೆಯ ವಿಷಯವನ್ನು ನಾನು ನಿಜವಾಗಿ ಕಲಿತದ್ದು ಇಳಕಲ್ಲಿನ ಸೀರೆ ಅಂಗಡಿಯೊಂದರ ಕೆಲಸದಲ್ಲಿ. ಅಂಗಡಿಯವರ ಬೇಡಿಕೆ ಸರಳವಾಗಿತ್ತು. ಸೀರೆಯ ಫೋಟೋದ ಮೇಲೆ, ಒಡಲೂ ಸೆರಗೂ ಕೂಡುವ ಜಾಗದಲ್ಲಿ ಒಂದು ಚುಕ್ಕಿ ಇರಬೇಕು. ಅದನ್ನು ಒತ್ತಿದರೆ ಕೊಂಡಿಯ ಬಗ್ಗೆ ಚಿಕ್ಕ ವಿವರಣೆ ತೆರೆದುಕೊಳ್ಳಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸುತ್ತಾರೆ. ಆ ಕೂಡುಗೆರೆಯೇ ಕೊಂಡಿ. ಚುಕ್ಕಿ ಅದರ ಮೇಲೆಯೇ ಕೂರಬೇಕು, ಅತ್ತಿತ್ತ ಸರಿದರೆ ವಿವರಣೆಗೆ ಅರ್ಥವಿಲ್ಲ. ಸೆರಗು ಕೆಂಪಾಗಿದ್ದುದರಿಂದ ಚುಕ್ಕಿಗೆ ಹಳದಿ ಬಣ್ಣ ಕೊಟ್ಟೆ.

ಪ್ರತಿ ಫೋಟೋದಲ್ಲಿ ಕೊಂಡಿ ಎಲ್ಲಿದೆ ಎಂಬುದನ್ನು ಶೇಕಡಾವಾರು ಬರೆದಿಟ್ಟುಕೊಂಡಿದ್ದೆ: ಎಡದಿಂದ ಶೇ. 20, ಮೇಲಿನಿಂದ ಶೇ. 30 ಎಂಬಂತೆ. ಚಿತ್ರದ ವ್ಯೂನ ಅಗಲವನ್ನು 0.2ರಿಂದ, ಎತ್ತರವನ್ನು 0.3ರಿಂದ ಗುಣಿಸಿದರೆ ಚುಕ್ಕಿಯ ಜಾಗ ಸಿಗುತ್ತದೆ ಎಂದುಕೊಂಡು ಆ ಲೆಕ್ಕವನ್ನು ಪರದೆ ತೆರೆಯುವಾಗ ಮೊದಲು ನಡೆಯುವ ಆನ್‌ಕ್ರಿಯೇಟ್ ಒಳಗೆ ಬರೆದೆ. ಚುಕ್ಕಿ ಮೇಲಿನ ಎಡಮೂಲೆಯಲ್ಲಿ ಹೋಗಿ ನಿಂತಿತು. ಲಾಗ್‌ನಲ್ಲಿ ಮುದ್ರಿಸಿ ನೋಡಿದರೆ ಅಗಲ 0, ಎತ್ತರವೂ 0. ಎಕ್ಸ್‌ಎಂಎಲ್ ಎಂಬ ವಿನ್ಯಾಸದ ಕಡತದಲ್ಲಿ ಅಳತೆ ಬರೆದಿದ್ದೇನೆ, ಪ್ರಿವ್ಯೂನಲ್ಲಿ ಚಿತ್ರ ಕಣ್ಣಮುಂದೆಯೇ ಇದೆ, ಆದರೂ ಸೊನ್ನೆ ಏಕೆ ಬರುತ್ತದೆ ಎಂಬುದು ಅಂದು ನನಗೆ ತಿಳಿಯಲಿಲ್ಲ.

ತಿಳಿಯದಿದ್ದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಲೆಕ್ಕವನ್ನು 100 ಮಿಲಿಸೆಕೆಂಡ್ ತಡಮಾಡಿ ನಡೆಸಿದೆ. ಮನೆಯ ವೈಫೈನಲ್ಲಿ, ಈ ಮೊದಲೇ ಫೋಟೋಗಳು ಕ್ಯಾಶ್‌ನಲ್ಲಿ ಇಳಿದು ಕೂತಿದ್ದ ನನ್ನ ಫೋನಿನಲ್ಲಿ ಚುಕ್ಕಿ ಕೊಂಡಿಯ ಮೇಲೆಯೇ ಬಂತು. ಆ್ಯಪನ್ನು ಇಳಕಲ್ಲಿಗೆ ಕಳಿಸಿದೆ. ಮರುದಿನ ಬೆಳಿಗ್ಗೆ ಅಂಗಡಿಯವರ ಫೋನು: "ಚುಕ್ಕಿ ಕೊಂಡಿ ಮ್ಯಾಲ ಇಲ್ಲರೀ, ಮ್ಯಾಲ ತುದಿಗೆ ಹೋಗಿ ಕುಂತೈತಿ." ಅಲ್ಲಿ ಮೊಬೈಲ್ ಡೇಟಾದಲ್ಲಿ ಫೋಟೋ ಬರಲು ಎರಡು ಮೂರು ಸೆಕೆಂಡ್ ಹಿಡಿಯುತ್ತಿತ್ತು. ಇಮೇಜ್‌ವ್ಯೂನ ಎತ್ತರಕ್ಕೆ ನಾನು ರ್‍ಯಾಪ್ ಕಂಟೆಂಟ್ ಕೊಟ್ಟಿದ್ದೆ, ಅಂದರೆ ಒಳಗಿನ ಚಿತ್ರ ಎಷ್ಟೋ ಎತ್ತರವೂ ಅಷ್ಟು. ಒಳಗೆ ಚಿತ್ರವೇ ಇಲ್ಲದಿರುವಾಗ ಎತ್ತರ ಸೊನ್ನೆ. ಅಗಲ ಮಾತ್ರ ಸರಿಯಾಗಿದ್ದುದರಿಂದ ಚುಕ್ಕಿ ಅಡ್ಡಕ್ಕೆ ಸರಿಯಾದ ಜಾಗದಲ್ಲಿದ್ದು, ಎತ್ತರದಲ್ಲಿ ಮೇಲಿನ ಅಂಚಿಗೆ ಅಂಟಿಕೊಂಡಿತ್ತು. ತಡಮಾಡುವುದು ಅಳತೆಯಲ್ಲ, ಊಹೆ ಎಂಬುದು ಅಂದು ಖಚಿತವಾಯಿತು. ಆ ಸಾಲನ್ನು ಅಳಿಸಿದ ಮೇಲೆ ಮತ್ತೆಂದೂ ಯಾವ ಪ್ರಾಜೆಕ್ಟ್‌ನಲ್ಲಿಯೂ ಬರೆದಿಲ್ಲ.

ಆಮೇಲೆ ಕುಳಿತು ಮೂಲದಿಂದ ಓದಿದೆ. ಆಂಡ್ರಾಯ್ಡ್ ಒಂದು ಪರದೆಯನ್ನು ಮೆಷರ್, ಲೇಔಟ್, ಡ್ರಾ ಎಂಬ ಮೂರು ಹಂತಗಳಲ್ಲಿ ಕಟ್ಟುತ್ತದೆ. ಮೆಷರ್ ಹಂತದಲ್ಲಿ ತಂದೆ ವ್ಯೂ ತನ್ನ ಪ್ರತಿ ಮಗು ವ್ಯೂಗೂ ಅಗಲಕ್ಕೊಂದು, ಎತ್ತರಕ್ಕೊಂದು ಮೆಷರ್‌ಸ್ಪೆಕ್ ಕಳಿಸುತ್ತದೆ. ಅದು 32 ಬಿಟ್‌ಗಳ ಒಂದೇ ಪೂರ್ಣಾಂಕ. ಮೇಲಿನ 2 ಬಿಟ್‌ಗಳಲ್ಲಿ ಕಟ್ಟಳೆಯ ಬಗೆ, ಉಳಿದ 30ರಲ್ಲಿ ಪಿಕ್ಸೆಲ್‌ಗಳ ಸಂಖ್ಯೆ. ಎಕ್ಸಾಕ್ಟ್ಲಿ ಎಂದರೆ ಇಷ್ಟೇ ಇರು ಎಂಬ ಆಜ್ಞೆ, ಆಟ್ ಮೋಸ್ಟ್ ಎಂದರೆ ಇದನ್ನು ಮೀರಬೇಡ ಎಂಬ ಮಿತಿ, ಅನ್‌ಸ್ಪೆಸಿಫೈಡ್ ಎಂದರೆ ನಿನಗೆ ಬೇಕಾದಷ್ಟು ಹೇಳು ಎಂಬ ಅನುಮತಿ. ಸ್ಕ್ರೋಲ್‌ವ್ಯೂ ತನ್ನ ಮಗುವಿನ ಎತ್ತರವನ್ನು ಕೇಳುವುದು ಈ ಕೊನೆಯ ಬಗೆಯಲ್ಲಿ. ಮಗು ತನಗೆ ಬೇಕಾದ ಅಳತೆಯನ್ನು ಹೇಳುತ್ತದೆ. ಅದು ಮೆಷರ್ಡ್ ವಿಡ್ತ್, ಮೆಷರ್ಡ್ ಹೈಟ್. ಬಳಿಕ ಲೇಔಟ್ ಹಂತದಲ್ಲಿ ತಂದೆ ಅದನ್ನು ಒಂದು ಜಾಗದಲ್ಲಿ ಕೂರಿಸಿದಾಗ ಎಡ, ಬಲ, ಮೇಲೆ, ಕೆಳಗೆ ಎಂಬ ನಾಲ್ಕು ಸಂಖ್ಯೆಗಳು ತುಂಬುತ್ತವೆ, ಬಲದಿಂದ ಎಡವನ್ನು ಕಳೆದರೆ ನಾವು ಕೇಳುವ ವಿಡ್ತ್ ಸಿಗುತ್ತದೆ. ಆನ್‌ಕ್ರಿಯೇಟ್ ನಡೆಯುವಾಗ ಈ ಮಾತುಕತೆ ಆರಂಭವೇ ಆಗಿರುವುದಿಲ್ಲ. ಸೊನ್ನೆ ಬಂದದ್ದು ದೋಷದಿಂದಲ್ಲ. ನಾನು ಕೇಳಿದ ಹೊತ್ತಿಗೆ ಅದೇ ಸರಿಯಾದ ಉತ್ತರವಾಗಿತ್ತು.

ಅಳತೆ ನಿಂತ ಗಳಿಗೆಯಲ್ಲಿ ನಮ್ಮ ಕೋಡನ್ನು ಕರೆಸಿಕೊಳ್ಳಲು ಹಲವು ದಾರಿಗಳಿವೆ. ಮೊದಲು, ಲೇಔಟ್ ಆದಾಗಲೆಲ್ಲ ನಮ್ಮ ಕೋಡನ್ನು ಕರೆಯುವ ಗ್ಲೋಬಲ್ ಲೇಔಟ್ ಲಿಸನರ್ ಹಚ್ಚಿದೆ. ಒಮ್ಮೆ ಕರೆ ಬಂದ ಮೇಲೆ ಅದನ್ನು ತೆಗೆದುಹಾಕದಿದ್ದುದರಿಂದ ಪರದೆಯ ಯಾವ ಮೂಲೆಯಲ್ಲಿ ಏನು ಬದಲಾದರೂ ನನ್ನ ಲೆಕ್ಕ ಮತ್ತೆ ಓಡುತ್ತಿತ್ತು. ಅಷ್ಟಲ್ಲದೆ ಅದರೊಳಗೆ ನಾನು ಚುಕ್ಕಿಯ ಮಾರ್ಜಿನ್ (ಹೊರಗಿನ ಅಂತರ) ಬದಲಿಸುತ್ತಿದ್ದೆ. ಮಾರ್ಜಿನ್ ಬದಲಾದರೆ ಹೊಸ ಲೇಔಟ್, ಹೊಸ ಲೇಔಟ್ ಆದರೆ ಮತ್ತೆ ನನ್ನ ಲಿಸನರ್. ಫೋನು ಬೆಚ್ಚಗಾದಾಗಲೇ ನನಗೆ ಸಂಶಯ ಬಂದದ್ದು. ಈಗ ಚುಕ್ಕಿಯನ್ನು ಸರಿಸಲು ಟ್ರಾನ್ಸ್‌ಲೇಶನ್ ಎಕ್ಸ್, ಟ್ರಾನ್ಸ್‌ಲೇಶನ್ ವೈ ಮಾತ್ರ ಬಳಸುತ್ತೇನೆ. ಇವು ಹೊಸ ಲೇಔಟನ್ನು ಕೇಳುವುದಿಲ್ಲ. ಕೋಟ್ಲಿನ್ ಭಾಷೆಯಲ್ಲಿ ಬರೆಯುವವರಿಗೆ ಡೂಆನ್‌ಲೇಔಟ್ ಎಂಬ ಸಹಾಯಕ ಫಂಕ್ಷನ್ ಇದೆ. ವ್ಯೂ ಈಗಾಗಲೇ ಕೂತಿದ್ದರೆ ಅದು ಕೂಡಲೇ ನಡೆಯುತ್ತದೆ, ಇಲ್ಲದಿದ್ದರೆ ಮುಂದಿನ ಲೇಔಟ್‌ಗೆ ಕಾದು ಒಮ್ಮೆ ನಡೆದು ತಾನೇ ಕಳಚಿಕೊಳ್ಳುತ್ತದೆ. ವ್ಯೂನ ಪೋಸ್ಟ್, ಅಂದರೆ ಕೋಡನ್ನು ಸರದಿಯಲ್ಲಿ ನಿಲ್ಲಿಸುವ ಫಂಕ್ಷನ್, ಕೂಡ ಕೆಲಸ ಮಾಡುತ್ತದೆ, ಆದರೆ ಅದರ ಸರದಿ ಬರುವಷ್ಟರಲ್ಲಿ ಒಂದು ಫ್ರೇಮ್ ಚಿತ್ರಿತವಾಗಿ ಹೋಗಿರಬಹುದು. ಚುಕ್ಕಿ ಮೂಲೆಯಲ್ಲಿ ಒಮ್ಮೆ ಮಿನುಗಿ ಜಾಗಕ್ಕೆ ಹಾರುವುದನ್ನು ಕಣ್ಣು ಹಿಡಿಯುತ್ತದೆ, ಅದು ನನಗೆ ಒಪ್ಪಿಗೆಯಾಗಲಿಲ್ಲ.

ಫೋಟೋ ಬಂದಾಗ ಪುಟ ಜಿಗಿಯಬಾರದೆಂದು ಚಿತ್ರದ ಚೌಕಟ್ಟಿಗೆ 9:10ರ ನಿಗದಿತ ಪ್ರಮಾಣ ಕೊಟ್ಟೆ. ಇದರಿಂದ ಎತ್ತರ ಸೊನ್ನೆಯಾಗುವ ತೊಂದರೆ ಹೋಯಿತು, ಆದರೆ ಚುಕ್ಕಿ ಇನ್ನೂ ಕೊಂಡಿಯಿಂದ ಕೊಂಚ ಎಡಕ್ಕಿತ್ತು. ಇಲ್ಲಿ ನನಗೆ ಎರಡು ದಿನ ಹಿಡಿಯಿತು. ನನ್ನ ಫೋನಿನಲ್ಲಿ ಚೌಕಟ್ಟು 1080 ಪಿಕ್ಸೆಲ್ ಅಗಲ, 1200 ಪಿಕ್ಸೆಲ್ ಎತ್ತರ. ಫೋಟೋ 1200 ಅಗಲ, 1600 ಎತ್ತರ. ಫಿಟ್ ಸೆಂಟರ್ ಇರುವಾಗ ಇಡೀ ಫೋಟೋ ಚೌಕಟ್ಟಿನೊಳಗೆ ಹಿಡಿಯಬೇಕಾದ್ದರಿಂದ ಅಗಲದ 0.9 (1080/1200) ಮತ್ತು ಎತ್ತರದ 0.75ರಲ್ಲಿ (1200/1600) ಚಿಕ್ಕದಾದ 0.75ರ ಪ್ರಮಾಣ ಬಳಕೆಯಾಗುತ್ತದೆ. ಫೋಟೋ 900 × 1200 ಆಗಿ ಮೂಡಿ, ಎರಡೂ ಬದಿಗೆ 90 ಪಿಕ್ಸೆಲ್‌ಗಳ ಖಾಲಿ ಪಟ್ಟಿ ಉಳಿಯುತ್ತದೆ. ನಾನು 1080ರ ಶೇ. 20 ಎಂದು 216ರಲ್ಲಿ ಚುಕ್ಕಿ ಇಡುತ್ತಿದ್ದೆ. ಇಡಬೇಕಾದದ್ದು 90ಕ್ಕೆ 900ರ ಶೇ. 20 ಕೂಡಿಸಿ 270ರಲ್ಲಿ. ಅಂದರೆ ವ್ಯೂನ ಅಳತೆ ಸರಿಯಾಗಿಯೇ ಸಿಕ್ಕಿತ್ತು, ಆದರೆ ನನಗೆ ಬೇಕಾಗಿದ್ದುದು ವ್ಯೂನ ಅಳತೆಯಲ್ಲ, ಅದರೊಳಗಿನ ಚಿತ್ರದ ಅಳತೆ. ಇಮೇಜ್‌ವ್ಯೂನ ಇಮೇಜ್ ಮ್ಯಾಟ್ರಿಕ್ಸ್ ಈ ಸರಿಸುವಿಕೆಯನ್ನೂ ಕುಗ್ಗಿಸುವಿಕೆಯನ್ನೂ ತನ್ನಲ್ಲೇ ಹಿಡಿದಿರುತ್ತದೆ. ಫೋಟೋದ ಬಿಂದುವನ್ನು ಅದಕ್ಕೆ ಕೊಟ್ಟರೆ ವ್ಯೂನ ಬಿಂದು ಬರುತ್ತದೆ, ಪ್ಯಾಡಿಂಗ್ (ಒಳಗಿನ ಖಾಲಿ ಅಂಚು) ಇದ್ದರೆ ಅದನ್ನು ಮಾತ್ರ ನಾವೇ ಕೂಡಿಸಬೇಕು. ಕೊನೆಗೆ ಚುಕ್ಕಿಯ ಅರ್ಧ ಅಗಲವನ್ನೂ ಕಳೆಯಬೇಕು, ಇಲ್ಲವಾದರೆ ಕೊಂಡಿಯ ಮೇಲೆ ಬೀಳುವುದು ಚುಕ್ಕಿಯ ಮೂಲೆ, ನಡು ಅಲ್ಲ. ಚುಕ್ಕಿ 24 ಡಿಪಿ; ಡಿಪಿ ಎಂದರೆ ಪರದೆಯ ಸಾಂದ್ರತೆಗೆ (ಡಿಪಿಐ) ತಕ್ಕಂತೆ ಪಿಕ್ಸೆಲ್‌ಗಳಿಗೆ ಬದಲಾಗುವ ಅಳತೆ, 160 ಡಿಪಿಐ ಇದ್ದರೆ ಒಂದು ಪಿಕ್ಸೆಲ್. 420 ಡಿಪಿಐ ಇರುವ ನನ್ನ ಫೋನಿನಲ್ಲಿ 160ಕ್ಕೆ 420ರ ಅನುಪಾತದಂತೆ ಅದು 63 ಪಿಕ್ಸೆಲ್, ಅಂಗಡಿಯ 320 ಡಿಪಿಐ ಫೋನಿನಲ್ಲಿ 48. ಆದ್ದರಿಂದ ಈ ಅರ್ಧವನ್ನು ಸಂಖ್ಯೆಯಾಗಿ ಬರೆಯದೆ ಚುಕ್ಕಿಯಿಂದಲೇ ಕೇಳಿ ಪಡೆಯುತ್ತೇನೆ.

ಕನ್ನಡದಲ್ಲಿ ಆ್ಯಪ್ ಮಾಡುವವರು ನಿಜವಾಗಿ ಎಚ್ಚರವಹಿಸಬೇಕಾದದ್ದು ಅಕ್ಷರಗಳ ಎತ್ತರದಲ್ಲಿ. ಚುಕ್ಕಿ ಒತ್ತಿದಾಗ ಬರುವ ವಿವರಣೆಯ ಪೆಟ್ಟಿಗೆಗೆ ನಾನು ಇಂಗ್ಲಿಷ್ ಮಾದರಿ ಪಠ್ಯ ನೋಡಿ 24 ಡಿಪಿ ಎತ್ತರ ಕೊಟ್ಟಿದ್ದೆ. ಅದರಲ್ಲಿ "ಹತ್ತಿ ಒಡಲು, ರೇಷ್ಮೆ ಸೆರಗು" ಎಂದು ಬರೆದಾಗ ತ ಒತ್ತು, ಮ ಒತ್ತು ಎರಡರ ಕೆಳತುದಿಯೂ ಕತ್ತರಿಸಿಹೋಗಿತ್ತು. "ವಸ್ತ್ರ" ಎಂಬಲ್ಲಿ ಎರಡು ಒತ್ತುಗಳಿರುವುದರಿಂದ ಇನ್ನೂ ಕಷ್ಟ. ಮುಖ್ಯ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳಿಲ್ಲದಿದ್ದರೆ ಆಂಡ್ರಾಯ್ಡ್ ಅವುಗಳನ್ನು ಬದಲಿ ಫಾಂಟ್‌ನಿಂದ ತರುತ್ತದೆ. ಆದರೆ ಹಳೆಯ ಆವೃತ್ತಿಗಳಲ್ಲಿ ಸಾಲಿನ ಎತ್ತರದ ಲೆಕ್ಕ ಮುಖ್ಯ ಫಾಂಟ್‌ನದೇ ಆಗಿರುತ್ತಿತ್ತು. ಬದಲಿ ಫಾಂಟ್‌ನ ಎತ್ತರವನ್ನೂ ಗಣಿಸುವ ಫಾಲ್‌ಬ್ಯಾಕ್ ಲೈನ್ ಸ್ಪೇಸಿಂಗ್ ಬಂದದ್ದು 2018ರ ಆಂಡ್ರಾಯ್ಡ್ 9ರಲ್ಲಿ. ಅಂಗಡಿಯ ಫೋನು ಅದಕ್ಕಿಂತ ಹಳೆಯದು. ಜೊತೆಗೆ ಅಂಗಡಿಯ ಹಿರಿಯರು ಅಕ್ಷರಗಳನ್ನು ಅತಿ ದೊಡ್ಡದಾಗಿ ಇಟ್ಟುಕೊಂಡಿದ್ದರು; ಎಸ್‌ಪಿ ಎಂಬ ಅಕ್ಷರದ ಅಳತೆಯಲ್ಲಿ ಕೊಟ್ಟ ಪಠ್ಯ ಅದಕ್ಕೆ ತಕ್ಕಂತೆ ಬೆಳೆಯುತ್ತದೆ, ನನ್ನ 24 ಡಿಪಿ ಪೆಟ್ಟಿಗೆ ಮಾತ್ರ ಬೆಳೆಯುವುದಿಲ್ಲ. ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಶೇ. 200ರವರೆಗೆ ಹಿಗ್ಗಿಸಬಹುದು. ಅಂದಿನಿಂದ ಕನ್ನಡ ಪಠ್ಯವಿರುವ ಯಾವ ವ್ಯೂಗೂ ನಾನು ನಿಗದಿತ ಎತ್ತರ ಕೊಟ್ಟಿಲ್ಲ. ರ್‍ಯಾಪ್ ಕಂಟೆಂಟ್ ಮತ್ತು ಕನಿಷ್ಠ ಎತ್ತರ ಎರಡನ್ನೂ ಕೊಟ್ಟು, ಕೆಳಗಿನ ಪ್ಯಾಡಿಂಗನ್ನು ಮೇಲಿನದಕ್ಕಿಂತ 4 ಡಿಪಿ ಹೆಚ್ಚಿಗೆ ಇಡುತ್ತೇನೆ.

ಈ ಪೆಟ್ಟಿಗೆಯನ್ನು ಚುಕ್ಕಿಯ ಮೇಲ್ಭಾಗದಲ್ಲಿ ತೋರಿಸಲು ಅದರ ಎತ್ತರ ಗೊತ್ತಿರಬೇಕು. ಮೊದಲ ಬಾರಿ ಒತ್ತಿದಾಗ ಅದು ಚುಕ್ಕಿಯನ್ನೇ ಮುಚ್ಚಿಬಿಡುತ್ತಿತ್ತು, ಎರಡನೆಯ ಬಾರಿಯಿಂದ ಸರಿಯಾಗಿ ಬರುತ್ತಿತ್ತು. ಕಾರಣ ಇಷ್ಟೇ: ಪೆಟ್ಟಿಗೆಯನ್ನು ನಾನು ಗಾನ್ ಎಂದು ಪೂರ್ತಿ ಮರೆಮಾಡಿದ್ದೆ, ಗಾನ್ ಆಗಿರುವ ವ್ಯೂಗೆ ತಂದೆ ಅಳತೆಯನ್ನೇ ಕೇಳುವುದಿಲ್ಲ, ಆದ್ದರಿಂದ ಎತ್ತರ ಸೊನ್ನೆ. ಇನ್‌ವಿಸಿಬಲ್ ಆಗಿದ್ದರೆ ಕಾಣಿಸದಿದ್ದರೂ ಜಾಗ ಹಿಡಿಯುತ್ತದೆ, ಅಳತೆಯೂ ಇರುತ್ತದೆ. ಅದನ್ನು ಇನ್‌ವಿಸಿಬಲ್ ಮಾಡಿ, ಪಠ್ಯ ಬದಲಿಸಿದ ಮೇಲೆ ಡೂಆನ್‌ಲೇಔಟ್ ಒಳಗೆ ಜಾಗಕ್ಕೆ ಸರಿಸಿ, ಆಮೇಲೆ ವಿಸಿಬಲ್ ಮಾಡಿದೆ.

ಅಂಗಡಿಗೆ ಹೋಗಿದ್ದಾಗ ಗಿರಾಕಿಯೊಬ್ಬರು ಗೋಮಿ ಎಂಬ ವಿನ್ಯಾಸದ ದಡಿಯನ್ನು ಉದ್ದಕ್ಕೂ ನೋಡಲೆಂದು ಫೋನನ್ನು ಅಡ್ಡ ಹಿಡಿದರು. ಆ ಪರದೆಗೆ ನಾನು ತಿರುಗುವಿಕೆಯನ್ನು ಕೈಯಾರೆ ನಿಭಾಯಿಸುತ್ತಿದ್ದುದರಿಂದ ಆನ್‌ಕ್ರಿಯೇಟ್ ಮತ್ತೆ ನಡೆಯಲಿಲ್ಲ, ಒಮ್ಮೆ ನಡೆದು ಕಳಚಿಕೊಂಡಿದ್ದ ಡೂಆನ್‌ಲೇಔಟ್ ಕೂಡ ನಡೆಯಲಿಲ್ಲ. ಚುಕ್ಕಿ ಹಳೆಯ ಜಾಗದಲ್ಲೇ ಉಳಿಯಿತು. ಆ ರಾತ್ರಿ ನವನಗರಕ್ಕೆ ಮರಳಿದವನೇ ಹೊರಗಿನಿಂದ ಅಳತೆ ಕೇಳುವ ಎಲ್ಲ ಸಾಲುಗಳನ್ನೂ ತೆಗೆದೆ. ಚಿತ್ರ, ಚುಕ್ಕಿ, ಪೆಟ್ಟಿಗೆ ಮೂರನ್ನೂ ಮಕ್ಕಳಾಗಿ ಇಟ್ಟುಕೊಂಡ ಒಂದು ಸ್ವಂತ ವ್ಯೂಗ್ರೂಪ್ (ತಂದೆ ವ್ಯೂ) ಬರೆದು, ಅದರ ಆನ್‌ಲೇಔಟ್ ಒಳಗೆ ಮೊದಲು ಚಿತ್ರವನ್ನು ಕೂರಿಸಿ, ಮ್ಯಾಟ್ರಿಕ್ಸ್‌ನಿಂದ ಬಿಂದು ಪಡೆದು ಉಳಿದೆರಡನ್ನು ಕೂರಿಸುತ್ತೇನೆ. ಫೋಟೋ ಹೊಸದಾಗಿ ಬಂದಾಗ ಮತ್ತೆ ಲೇಔಟ್ ಮಾಡೆಂದು ಕೇಳುವ ಒಂದು ರಿಕ್ವೆಸ್ಟ್‌ಲೇಔಟ್ ಸಾಕು. ತಿರುಗಿಸಿದರೂ, ಪರದೆಯನ್ನು ಇಬ್ಭಾಗ ಮಾಡಿದರೂ, ಅಕ್ಷರ ಹಿಗ್ಗಿಸಿದರೂ ಲೇಔಟ್ ಹೇಗೂ ನಡೆಯುತ್ತದೆ, ಅದರ ಜೊತೆಗೇ ಚುಕ್ಕಿಯ ಲೆಕ್ಕವೂ ನಡೆಯುತ್ತದೆ. ಈಗ ಹೊಸ ಆವೃತ್ತಿ ಕಳಿಸುವ ಮೊದಲು ಡೆವಲಪರ್ ಆಯ್ಕೆಗಳಲ್ಲಿ ಲೇಔಟ್ ಗಡಿಗಳನ್ನು ತೋರಿಸುವ ಗುಂಡಿ ಒತ್ತಿ, ಅಕ್ಷರವನ್ನು ಅತಿ ದೊಡ್ಡದು ಮಾಡಿ, "ವಸ್ತ್ರ" ಎಂಬ ಪದವಿರುವ ಸೀರೆಯ ಪುಟವನ್ನು ತೆರೆದು ಫೋನನ್ನು ನಾಲ್ಕು ಬಾರಿ ತಿರುಗಿಸಿ ನೋಡುತ್ತೇನೆ.